ಕೋಳಿಗೂಡಿಗೆ ಏನು ಹಾಸೋದು? ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಹತ್ತಿಪ್ಪತ್ತು ಕೋಳಿ ಸಾಕುವವರು ಈ ತಿಂಗಳು ಬರೆದ ಕಾಗದಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಓದಿದೆ. ಮೇವು, ಲಸಿಕೆ, ಮೊಟ್ಟೆ ಬಗ್ಗೆ ಕೇಳಿದವರು ಕಡಿಮೆ. ಮುಕ್ಕಾಲು ಪಾಲು ಜನರದ್ದು ಒಂದೇ ಗೋಳು: ಗೂಡಿನ ನೆಲಕ್ಕೆ ಏನು ಹಾಸಬೇಕು, ಎಷ್ಟು ದಿನಕ್ಕೆ ತೆಗೆಯಬೇಕು, ನಾತ ಯಾಕೆ ಹೋಗ್ತಿಲ್ಲ. ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ. ಹೆಸರು ಹಾಕಬೇಡಿ ಅಂತ ಇಬ್ಬರು ಕೇಳಿದ್ದರು, ಅದಕ್ಕೆ ಯಾರದ್ದೂ ಹಾಕಿಲ್ಲ.

ಪ್ರಶ್ನೆ: 12 ಹೇಂಟೆ, ಒಂದು ಹುಂಜ ಇವೆ. ಮರ ಕೊಯ್ಯುವ ಕಡೆಯಿಂದ ಗರಗಸದ ಪುಡಿ ತಂದು ಹಾಸುತ್ತೇನೆ. ಹತ್ತೇ ದಿನಕ್ಕೆ ಕಣ್ಣು ಉರಿಯುವಷ್ಟು ವಾಸನೆ. ಪುಡಿ ಬಿಟ್ಟು ಬೇರೆ ಏನು ಹಾಸಲಿ?

ಬೇರೆ ಹಾಸಿ, ಬೇಡ ಅನ್ನಲ್ಲ. ಆದರೆ ಬರೀ ಹಾಸು ಬದಲಿಸಿದರೆ ಹತ್ತು ದಿನಕ್ಕೆ ಬರುತ್ತಿದ್ದ ವಾಸನೆ ಹದಿನೈದು ದಿನಕ್ಕೆ ಬರುತ್ತದೆ, ಅಷ್ಟೇ.

ಮೊದಲು ನೀರಿನ ಲೆಕ್ಕ ಹಾಕೋಣ. ಮೊಟ್ಟೆ ಇಡುವ ಒಂದು ದೊಡ್ಡ ಹೇಂಟೆ ದಿನಕ್ಕೆ ಹೆಚ್ಚುಕಡಿಮೆ 100 ಗ್ರಾಂ ಹಸಿ ಹಿಕ್ಕೆ ಹಾಕುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಬರೀ ನೀರು. ನಿಮ್ಮ 13 ಕೋಳಿಗಳಿಂದ ದಿನಕ್ಕೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ನೆಲಕ್ಕೆ ಬೀಳುತ್ತದೆ ಅಂತಾಯ್ತು. ಹಗಲೆಲ್ಲ ಹೊರಗೆ ಬಿಡ್ತೀರಿ ಅಂದರೂ ಅರ್ಧ ಒಳಗೇ. ಹತ್ತು ದಿನಕ್ಕೆ ಅರ್ಧ ಬಕೆಟ್ ನೀರು ತಂದು ನೀವೇ ಗೂಡಿಗೆ ಸುರಿದು ಬಾಗಿಲು ಹಾಕಿದ ಹಾಗೆ. ಅದು ಆರಿ ಹೋಗೋಕೆ ದಾರಿ ಇಲ್ಲದಿದ್ದರೆ ಚಿನ್ನದ ಪುಡಿ ಹಾಸಿದರೂ ನಾತ ಬಂದೇ ಬರುತ್ತದೆ.

ಕೋಳಿ ಬೇರೆಯಾಗಿ ಮೂತ್ರ ಮಾಡುವುದಿಲ್ಲ, ಹಿಕ್ಕೆಯ ತುದಿಯಲ್ಲಿ ಬೆಳ್ಳಗೆ ಕಾಣುತ್ತದಲ್ಲ, ಅದೇ ಅದರ ಮೂತ್ರ. ಯೂರಿಕ್ ಆಮ್ಲ. ಅದು ಒಣಗಿದ್ದರೆ ಸುಮ್ನೆ ಬಿದ್ದಿರುತ್ತದೆ. ತೇವ, ಬಿಸಿ ಎರಡೂ ಸಿಕ್ಕಿದರೆ ಅಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಒಡೆದು ಅಮೋನಿಯಾ ಮಾಡುತ್ತವೆ. ಮೂಗಿಗೆ ಹೊಡೆಯುವುದು ಈ ಅಮೋನಿಯಾನೇ. ಅಂದರೆ ವಾಸನೆ ಬಂತು ಅಂದ್ರೆ ಗೂಡು ಒದ್ದೆಯಾಗಿದೆ ಅಂತಲೇ ಓದಿಕೊಳ್ಳಿ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅಮೋನಿಯಾ 25 ಪಾಲಿಗಿಂತ ಕೆಳಗಿರಬೇಕು ಅಂತ ಕೋಳಿ ಸಾಕಣೆಯಲ್ಲಿ ಇಟ್ಟುಕೊಂಡ ಮಿತಿ ಇದೆ. ಅದಕ್ಕಿಂತ ಮೇಲೆ ಹೋಗಿ ಹಾಗೇ ಉಳಿದರೆ ಕೋಳಿಯ ಉಸಿರುನಾಳದ ಒಳಗಿನ ಸಣ್ಣ ರೋಮಗಳು ಹಾಳಾಗುತ್ತವೆ, ಕಣ್ಣು ಬಾಯುತ್ತದೆ, ಶೀತ ಕೆಮ್ಮಿನ ರೋಗಗಳು ಸಲೀಸಾಗಿ ಹತ್ತುತ್ತವೆ. ನಿಮ್ಮ ಕಣ್ಣು ಉರಿಯುವ ಹೊತ್ತಿಗೆ ಆ ಮಿತಿ ದಾಟಿರುವ ಸಾಧ್ಯತೆಯೇ ಜಾಸ್ತಿ.

ಇನ್ನೊಂದು ಮಾತು. ನಾವು ನಿಂತು ಮೂಸುತ್ತೇವೆ, ಕೋಳಿಯ ಮೂಗು ನೆಲದಿಂದ ಒಂದು ಗೇಣು ಮೇಲೆ. ನಮ್ಮ ಮೂಗು ಬೇಗ ಆ ವಾಸನೆಗೆ ಒಗ್ಗಿಕೊಂಡೂ ಬಿಡುತ್ತದೆ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದ ಕೂಡಲೇ, ಗಾಳಿ ಆಡುವ ಮುಂಚೆ, ಕುಕ್ಕರುಗಾಲಲ್ಲಿ ಕೂತು ಒಮ್ಮೆ ಉಸಿರೆಳೆದುಕೊಳ್ಳಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ಹಾಸಿನ ತೇವ ನೋಡೋಕೆ ಕೈ ಸಾಕು. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಸುಕಿ, ಕೈ ಬಿಡಿಸಿ. ಉಂಡೆಯಾಗಿ ಹಾಗೇ ಕೂತರೆ ತೇವ ಜಾಸ್ತಿ. ಏನೂ ಅಂಟದೆ ಬೆರಳ ಸಂದಿಯಲ್ಲೇ ಸುರಿದು ಧೂಳೆದ್ದರೆ ಅತಿ ಒಣಗಿದೆ, ಅದೂ ಕೋಳಿಯ ಶ್ವಾಸಕ್ಕೆ ಒಳ್ಳೆಯದಲ್ಲ. ಒಂದು ಕ್ಷಣ ಅಂಟಿದ ಹಾಗೆ ಮಾಡಿ ಆಮೇಲೆ ತಾನೇ ಬಿರಿದು ಉದುರಿತಾ, ಅದೇ ಹದ. ಲೆಕ್ಕದಲ್ಲಿ ಹೇಳುವುದಾದರೆ ನೂರಕ್ಕೆ 20ರಿಂದ 25 ಪಾಲು ತೇವ.

ಈಗ ಹಿಕ್ಕೆ ಬಿಟ್ಟು ಬೇರೆ ಎಲ್ಲಿಂದ ನೀರು ಬರ್ತಿದೆ ಅಂತ ಹುಡುಕಿ. ನನ್ನ ಕಥೆ ಹೇಳ್ತೀನಿ. ಮೊದಲ ವರ್ಷ ನಾನೂ ಮೂರು ಥರದ ಹಾಸು ಬದಲಿಸಿದೆ. ಪುಡಿ ಆಯ್ತು, ಹೊಟ್ಟು ಆಯ್ತು, ಹುಲ್ಲೂ ಆಯ್ತು. ಎಡಗಡೆ ಮೂಲೆಯಲ್ಲಿ ಮಾತ್ರ ಪ್ರತಿ ಸಲ ಕಪ್ಪಗೆ ಚಕ್ಕೆ ಕಟ್ಟುತ್ತಿತ್ತು. ಒಂದಿನ ಬೇರೆ ಕೆಲಸ ಇಲ್ಲದೆ ಅಲ್ಲೇ ಕೂತು ನೋಡಿದೆ. ನೀರಿನ ಡಬ್ಬ ಇಟ್ಟಿದ್ದ ಇಟ್ಟಿಗೆಯ ಒಂದು ಅಂಚು ಕುಸಿದು ಡಬ್ಬ ವಾಲಿತ್ತು. ಕೋಳಿ ಕೊಕ್ಕು ಅದ್ದಿದಾಗೆಲ್ಲ ತಟ್ಟೆಯ ತಗ್ಗಿನ ಕಡೆಯಿಂದ ಒಂದೆರಡು ಹನಿ ತುಳುಕಿ ಇಟ್ಟಿಗೆ ಮೇಲೆ ಹರಿದು ಹೊಟ್ಟಿನೊಳಗೆ ಇಳಿಯುತ್ತಿತ್ತು. ಒಂದೆರಡೇ ಹನಿ. ದಿನಕ್ಕೆ ಎಷ್ಟು ಸಲ ಕುಡಿಯುತ್ತವೆ ಅಂತ ಎಣಿಸಿ ನೋಡಿ. ಇಟ್ಟಿಗೆ ಸರಿ ಮಾಡಿ, ತಟ್ಟೆಯ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕೆ ಬರುವ ಹಾಗೆ ಡಬ್ಬ ಎತ್ತರಿಸಿದ ಮೇಲೆ ಆ ಮೂಲೆ ಒಣಗಿತು. ಹಾಸಿಗೆ ಬೈದಿದ್ದೆಲ್ಲ ವ್ಯರ್ಥ.

ಸಾಧ್ಯ ಇದ್ದರೆ ನೀರನ್ನು ಗೂಡಿನಿಂದ ಹೊರಗೇ ಇಡಿ, ಕೋಳಿ ರಾತ್ರಿ ನೀರು ಕುಡಿಯುವುದಿಲ್ಲ. ಬೆಳಿಗ್ಗೆ ಬೇಗ ಬಾಗಿಲು ತೆಗೆದರೆ ಸಾಕು. ಆಮೇಲೆ ಗಾಳಿ. ಕೋಳಿ ಕೂರುವ ಕೋಲಿಗಿಂತ ಮೇಲೆ, ಚಾವಣಿ ಹತ್ತಿರ, ಎದುರು ಬದುರು ಕಿಂಡಿ ಬೇಕು. ಬಿಸಿಯಾದ ತೇವದ ಗಾಳಿ ಮೇಲಿಂದ ಹೋಗಬೇಕು, ಕೂತ ಕೋಳಿಯ ಮೈಗೆ ನೇರ ಗಾಳಿ ಹೊಡೆಯಬಾರದು. ಚಳಿ ಅಂತ ಕಿಂಡಿಗೆಲ್ಲ ಗೋಣಿ ತುರುಕುವವರಿದ್ದಾರೆ, ದಯವಿಟ್ಟು ಬೇಡ. ಗರಿ ಒಣಗಿದ್ದರೆ ಚಳಿಯನ್ನು ಕೋಳಿ ಚೆನ್ನಾಗೇ ತಡೆಯುತ್ತದೆ, ತೇವವನ್ನು ತಡೆಯೋಕಾಗಲ್ಲ.

ಕೊನೆಗೆ ನಿಮ್ಮ ಗರಗಸದ ಪುಡಿ. ಪುಕ್ಕಟೆ ಸಿಗುತ್ತೆ, ನೀರೂ ಹೀರುತ್ತೆ, ಆದರೆ ತುಂಬಾ ನುಣ್ಣಗಿರುವುದರಿಂದ ಒದ್ದೆಯಾದ ಕೂಡಲೇ ಒತ್ತಿಕೊಂಡು ಚಕ್ಕೆಯಾಗುತ್ತದೆ, ಚಕ್ಕೆಯೊಳಗೆ ಗಾಳಿ ಆಡುವುದಿಲ್ಲ. ಒಣಗಿದರೆ ಧೂಳು. ಇದ್ದಷ್ಟು ಪುಡಿಯನ್ನು ಬಡಗಿ ಹೆರೆದ ಮರದ ಸಿಪ್ಪೆಗೋ ಭತ್ತದ ಹೊಟ್ಟಿಗೋ ಬೆರೆಸಿ ಮುಗಿಸಿ.

ಪ್ರಶ್ನೆ: ಮರದ ಸಿಪ್ಪೆ, ಭತ್ತದ ಹೊಟ್ಟು, ಹುಲ್ಲು, ಮರಳು, ಒಣಗಿದ ಎಲೆ. ಸುತ್ತಿ ಬಳಸಿ ಹೇಳಬೇಡಿ, ಒಂದೇ ಹೆಸರು ಹೇಳಿ.

ಮರದ ಸಿಪ್ಪೆ. ಬಡಗಿ ಮರ ಹೆರೆಯುವಾಗ ಸುರುಳಿ ಸುರುಳಿಯಾಗಿ ಉದುರುತ್ತಲ್ಲ, ಅದು. ನೀರು ಹೀರುತ್ತದೆ, ಹೀರಿದ್ದನ್ನು ಬಿಡುತ್ತದೆ, ಸುರುಳಿಗಳ ನಡುವೆ ಗಾಳಿಗೆ ಜಾಗ ಇರುತ್ತದೆ. ಎರಡು ಎಚ್ಚರಿಕೆ ಇದೆ. ಬಣ್ಣ, ಪಾಲಿಶ್, ಗೆದ್ದಲು ಔಷಧಿ ಬಳಿದ ಮರದ್ದು ಬೇಡ, ಅಂಟು ಹಾಕಿ ಒತ್ತಿದ ಹಲಗೆಯದ್ದೂ ಬೇಡ. ಸೀಡರ್‌ನಂಥ ಘಾಟು ವಾಸನೆಯ ಮರದ್ದನ್ನು ಮುಚ್ಚಿದ ಗೂಡಿಗೆ, ಅದರಲ್ಲೂ ಮರಿಗಳಿಗೆ ಹಾಸಬೇಡಿ.

ಒಂದೇ ಹೆಸರು ಕೇಳಿದಿರಿ, ಹೇಳಿದೆ. ಈಗ ಉಳಿದದ್ದನ್ನೂ ಹೇಳದಿದ್ದರೆ ಸಿಪ್ಪೆ ಸಿಗದವರು ನನ್ನನ್ನು ಬೈಯುತ್ತಾರೆ.

ಭತ್ತದ ಹೊಟ್ಟು ನೀರು ಹೀರುವುದು ಕಡಿಮೆ. ಇದನ್ನು ಅದರ ದೋಷ ಅಂತಾರೆ, ನಾನು ಅರ್ಧ ಗುಣ ಅಂತೀನಿ, ಯಾಕಂದರೆ ಬೇಗ ಆರುತ್ತದೆ ಮತ್ತು ಸುಲಭಕ್ಕೆ ಚಕ್ಕೆ ಕಟ್ಟುವುದಿಲ್ಲ. ಕೋಳಿಗಳು ಕೆದಕಿ ಕೆದಕಿ ತಾವೇ ತಿರುವಿ ಹಾಕುತ್ತವೆ. ಸಿಪ್ಪೆ ಜೊತೆ ಅರ್ಧಕ್ಕರ್ಧ ಬೆರೆಸಿದರೆ ಎರಡರ ಒಳ್ಳೆಯ ಗುಣವೂ ಸಿಗುತ್ತದೆ.

ಹುಲ್ಲು ನೋಡೋಕೆ ಚೆಂದ, ಬೆಚ್ಚಗೂ ಹೌದು. ಆದರೆ ಉದ್ದ ಹುಲ್ಲನ್ನು ಹಾಗೇ ಹಾಸಿದರೆ ಚಾಪೆ ಹೆಣೆದ ಹಾಗೆ ಆಗುತ್ತದೆ. ಮೇಲೆ ಒಣ, ಕೆಳಗೆ ಕೈ ಹಾಕಿದರೆ ಪಿಚಪಿಚ. ಎರಡು ಬೆರಳಗಲಕ್ಕೆ ಕತ್ತರಿಸಿ ಹಾಸಿ, ವಾರಕ್ಕೊಮ್ಮೆ ಬದಲಿಸಲು ತಯಾರಿರಿ. ಬೂಸ್ಟು ಹಿಡಿದ ಹುಲ್ಲಂತೂ ಯಾವ ಕಾರಣಕ್ಕೂ ಬೇಡ. ಬೂಸ್ಟಿನ ಬೀಜಕಣ ಮರಿಗಳ ಶ್ವಾಸಕೋಶಕ್ಕೆ ಹೋಗಿ ಆಸ್ಪರ್ಜಿಲ್ಲೋಸಿಸ್ ಬಂತು ಅಂದರೆ ಅವು ಬಾಯಿ ತೆರೆದು ಉಸಿರಾಡುತ್ತಾ ಸಾಯುತ್ತವೆ, ವಾಸಿ ಮಾಡುವ ದಾರಿ ಇಲ್ಲದ ಹಾಗೇ. ಶೇಂಗಾ ಸಿಪ್ಪೆಗೂ ಇದೇ ಮಾತು, ಚೆನ್ನಾಗಿ ಒಣಗಿದ್ದರೆ ಒಳ್ಳೆಯ ಹಾಸು, ಸ್ವಲ್ಪ ತಂಪು ಹಿಡಿದಿದ್ದರೂ ಬೂಸ್ಟು.

ಮರಳಿನ ಬಗ್ಗೆ ಜಗಳವೇ ಇದೆ. ದಪ್ಪ ಕಾಳಿನ ಮರಳು ನೀರು ಹೀರುವುದಿಲ್ಲ, ಕೆಳಗೆ ಇಳಿಸುತ್ತದೆ. ಹಿಕ್ಕೆ ಅದರ ಮೇಲೆ ಉಂಡೆಯಾಗಿ ಒಣಗುತ್ತದೆ, ಜಾಲರಿ ಸಲಿಕೆಯಲ್ಲಿ ಜರಡಿ ಹಿಡಿದ ಹಾಗೆ ಎತ್ತಬಹುದು. ದಿನಾ ಎತ್ತುವವರಿಗೆ ಮರಳು ವರ. ನಾಳೆ ನೋಡೋಣ ಅನ್ನುವವರಿಗೆ ಶಾಪ, ಯಾಕಂದರೆ ಹಿಕ್ಕೆ ಒಮ್ಮೆ ಮರಳಲ್ಲಿ ಕಲೆತರೆ ಆ ತೂಕ ಹೊರುವವರು ನೀವೇ, ಗೊಬ್ಬರಕ್ಕೂ ಬರಲ್ಲ. ಕಟ್ಟಡಕ್ಕೆ ಬಳಸುವ ತೀರಾ ಸಣ್ಣ ಮರಳು ಬೇಡ, ಅದು ಸಿಮೆಂಟಿನ ಹಾಗೆ ಕಚ್ಚಿಕೊಳ್ಳುತ್ತದೆ.

ಎಲೆ ಕೈಯಲ್ಲಿ ಹಿಡಿದರೆ ಪುಡಿಯಾಗಬೇಕು, ಅಷ್ಟು ಒಣಗಿದ್ದರೆ ಬೇರೆ ಹಾಸಿನ ಜೊತೆ ಬೆರೆಸಿ. ತೆಂಗಿನ ನಾರಿನ ಪುಡಿ ತನ್ನ ತೂಕದ ಎಷ್ಟೋ ಪಟ್ಟು ನೀರು ಹಿಡಿದುಕೊಂಡು ಕೂರುತ್ತದೆ, ಬಿಡೋದು ನಿಧಾನ. ಗಿಡಕ್ಕೆ ಒಳ್ಳೆಯದಾದದ್ದು ಇಲ್ಲಿ ತಲೆನೋವು. ಬಳಸಲೇಬೇಕು ಅಂದರೆ ಪೂರ್ತಿ ಒಣಗಿಸಿ, ಹೊಟ್ಟಿಗೆ ಸ್ವಲ್ಪ ಬೆರೆಸಿ.

ಪ್ರಶ್ನೆ: ಹಾಸು ವರ್ಷಕ್ಕೊಮ್ಮೆ ತೆಗೆದರೆ ಸಾಕು, ಮೇಲೆ ಮೇಲೆ ಹಾಕ್ತಾ ಹೋಗು ಅಂತ ನನ್ನ ಮಾವ ಹೇಳುತ್ತಾರೆ. ಹೆಂಡತಿ ಪ್ರತಿ ಭಾನುವಾರ ಎಲ್ಲ ತೆಗೆದು ತೊಳಿಯಬೇಕು ಅನ್ನುತ್ತಾಳೆ. ಯಾರ ಮಾತು ಕೇಳಲಿ?

ಮನೆಯಲ್ಲಿ ಬೆಂಕಿ ಹಚ್ಚುವ ಉದ್ದೇಶ ನನಗಿಲ್ಲ ಸ್ವಾಮಿ. ಇಬ್ಬರದ್ದೂ ಪದ್ಧತಿಯೇ. ಅರ್ಧ ಅದು, ಅರ್ಧ ಇದು ಮಾಡಿದರೆ ಮಾತ್ರ ಕೆಡುತ್ತದೆ.

ಮಾವ ಹೇಳುವುದು ಡೀಪ್ ಲಿಟರ್. ನಾಲ್ಕರಿಂದ ಆರು ಇಂಚು ದಪ್ಪಕ್ಕೆ ಒಣ ಹಾಸು ಹಾಕಿ ಶುರು ಮಾಡುವುದು, ಹಿಕ್ಕೆ ಬಿದ್ದ ಹಾಗೆ ಕೆದಕಿ ಒಳಗೆ ಸೇರಿಸುವುದು, ಮೇಲೆ ಹೊಸದು ಹಾಕುವುದು. ಕೆಲವು ತಿಂಗಳಲ್ಲಿ ಅದು ಒಂದು ಅಡಿ ಹತ್ತಿರ ಬರುತ್ತದೆ. ಒಳಗೆ ಸೂಕ್ಷ್ಮಜೀವಿಗಳು ಹಿಕ್ಕೆಯನ್ನು ಕರಗಿಸುತ್ತಾ ಹೋಗುತ್ತವೆ, ಅಂದರೆ ಗೂಡಿನ ನೆಲವೇ ನಿಧಾನಕ್ಕೆ ಬೇಯುವ ಗೊಬ್ಬರದ ರಾಶಿ. ಇದು ಸೋಮಾರಿಗಳ ಪದ್ಧತಿ ಅಂತ ನಗುವವರಿದ್ದಾರೆ, ಆದರೆ 1940ರ ದಶಕದಲ್ಲಿ ಅಮೆರಿಕದ ಒಹಾಯೊ ಕೃಷಿ ಪ್ರಯೋಗ ಕೇಂದ್ರದವರು ಹಳೆಯ ಹಾಸಿನ ಮೇಲೆ ಕೋಳಿ ಸಾಕಿ ನೋಡಿದಾಗ, ಮೇವಿನಲ್ಲಿ ಪ್ರಾಣಿಮೂಲದ ಪ್ರೋಟೀನ್ ಇಲ್ಲದಿದ್ದರೂ ಅವು ಚೆನ್ನಾಗೇ ಇದ್ದವು. ಏನೋ ಒಂದು ಪೋಷಕಾಂಶ ಆ ಹಾಸಿನಲ್ಲೇ ತಯಾರಾಗುತ್ತಿತ್ತು. ವಿಟಮಿನ್ ಬಿ12 ಅನ್ನು ಬೇರ್ಪಡಿಸಿದ್ದು 1948ರಲ್ಲಿ, ಆಗ ಗುಟ್ಟು ಗೊತ್ತಾಯಿತು. ಹಾಸಿನ ಸೂಕ್ಷ್ಮಜೀವಿಗಳು ಅದನ್ನೇ ತಯಾರಿಸುತ್ತಿದ್ದವು, ಕೋಳಿ ಕೆದಕುವಾಗ ಹೆಕ್ಕಿ ತಿನ್ನುತ್ತಿತ್ತು.

ಆದರೆ ವರ್ಷಕ್ಕೊಮ್ಮೆ ತೆಗೆಯೋದು ಅಂದರೆ ವರ್ಷವೆಲ್ಲ ಏನೂ ಮಾಡದೆ ಇರೋದು ಅಂತ ಅಲ್ಲ. ವಾರಕ್ಕೆರಡು ಸಲ ಕುಂಟೆ ಹಿಡಿದು ತಿರುವಬೇಕು. ನಾನು ಸಂಜೆ ಒಂದೆರಡು ಹಿಡಿ ಕಾಳು ಹಾಸಿನ ಮೇಲೆ ಎರಚಿ ಬಿಡ್ತೀನಿ, ಅರ್ಧ ಕೆಲಸ ಕೋಳಿಗಳೇ ಮಾಡುತ್ತವೆ. ಮೂಲೆಗಳಿಗೆ ಮಾತ್ರ ಅವು ಹೋಗುವುದಿಲ್ಲ, ಅಲ್ಲಿ ನಾವೇ ಕೈ ಹಾಕಬೇಕು. ಎಲ್ಲಾದರೂ ಚಕ್ಕೆ ಕಟ್ಟಿದ್ದರೆ ಅದನ್ನು ಒಡೆದು ಒಳಗೆ ಸೇರಿಸಬೇಡಿ, ಎತ್ತಿ ಹೊರಗೆ ಹಾಕಿ. ನೆಲದಡಿಯಿಂದ ತೇವ ಮೇಲೆ ಬರುವಂಥದ್ದಾಗಿದ್ದರೆ, ಗಾಳಿ ಇಲ್ಲದಿದ್ದರೆ, ಒಂದು ಕೋಳಿಗೆ ನಾಲ್ಕು ಚದರ ಅಡಿಗಿಂತ ತೀರಾ ಕಡಿಮೆ ಜಾಗ ಇದ್ದರೆ ಡೀಪ್ ಲಿಟರ್‌ಗೆ ಕೈ ಹಾಕಬೇಡಿ. ಮಳೆಗಾಲದ ನಡುವೆ ಶುರು ಮಾಡುವುದೂ ಬೇಡ. ಒಣ ದಿನಗಳಲ್ಲಿ ಶುರು ಮಾಡಿದರೆ ಮಳೆ ಬರುವ ಹೊತ್ತಿಗೆ ಹಾಸು ಹದಕ್ಕೆ ಬಂದಿರುತ್ತದೆ.

ನಿಮ್ಮ ಹೆಂಡತಿ ಹೇಳುವುದು ಸಣ್ಣ ಗೂಡಿಗೆ ಸರಿ. ಎರಡು ಮೂರು ಇಂಚು ಹಾಸು, ವಾರಕ್ಕೊಮ್ಮೆ ಪೂರ್ತಿ ತೆಗೆಯೋದು. ಒಂದೇ ತಿದ್ದುಪಡಿ, ಪ್ರತಿ ವಾರ ನೀರು ಹಾಕಿ ತೊಳಿಯೋದು ಬೇಡ. ಕೆರೆದು ಗುಡಿಸಿ ಸಾಕು. ತೊಳೆದ ನೆಲ ಪೂರ್ತಿ ಆರುವ ಮುಂಚೆ ಹಾಸು ಹಾಕಿದರೆ ಅಡಿಯಿಂದಲೇ ತೇವ ಶುರುವಾಗುತ್ತದೆ. ಬಿಸಿಲಿನ ದಿನ ನೋಡಿಕೊಂಡು ವರ್ಷಕ್ಕೆ ಒಂದೆರಡು ಸಲ ತೊಳೆಯಿರಿ.

ಯಾವುದೇ ಪದ್ಧತಿ ಆದರೂ ರೋಗ ಬಂದು ಕೋಳಿ ಸತ್ತಿದ್ದರೆ ಲೆಕ್ಕ ಬೇರೆ. ಆಗ ಹಾಸು ಒಂದು ಚೂರೂ ಉಳಿಸದೆ ತೆಗೆಯಬೇಕು.

ಪ್ರಶ್ನೆ: ಕೆಲಸಕ್ಕೆ ಹೋಗುವವಳು. ಗೂಡಿಗೆ ದಿನಕ್ಕೆ ಐದು ನಿಮಿಷಕ್ಕಿಂತ ಜಾಸ್ತಿ ಕೊಡೋಕಾಗಲ್ಲ. ಆ ಐದು ನಿಮಿಷ ಏನು ಮಾಡಲಿ?

ಕೂರುವ ಕೋಲಿನ ಕೆಳಗಿನದ್ದನ್ನು ಎತ್ತಿ, ಮೇಡಂ. ಬೇರೆ ಏನೂ ಬೇಡ.

ಕೋಳಿ ರಾತ್ರಿ ಅಲುಗಾಡದೆ ಒಂದೇ ಕಡೆ ಕೂರುತ್ತದೆ, ದಿನದ ಹಿಕ್ಕೆಯಲ್ಲಿ ಹತ್ತಿರ ಹತ್ತಿರ ಅರ್ಧ ಆ ಒಂದು ಸಾಲಿನಲ್ಲೇ ಬೀಳುತ್ತದೆ. ಕೋಲಿನ ಕೆಳಗೆ ಒಂದು ಅಡಿ ಬಿಟ್ಟು ಹಲಗೆ ಕೂರಿಸಿ. ಅದರ ಮೇಲೆ ಅರ್ಧ ಇಂಚು ಒಣ ಮರಳು ಹರಡಿದರೆ ಹಿಕ್ಕೆ ಅಂಟಲ್ಲ. ಬೆಳಿಗ್ಗೆ ಪುಟ್ಟಿ ಹಿಡಿದು ಕೆರೆದರೆ ಎರಡೇ ನಿಮಿಷ. ಕೆಳಗಿನ ಹಾಸಿಗೆ ಬೀಳುವ ಹೊರೆ ಅರ್ಧಕ್ಕರ್ಧ ಇಳಿಯುತ್ತದೆ, ಹಾಸು ಎರಡು ಪಟ್ಟು ದಿನ ಬಾಳುತ್ತದೆ. ಉಳಿದ ಮೂರು ನಿಮಿಷ ನೀರಿನ ಡಬ್ಬದ ಸುತ್ತ ಒದ್ದೆ ಇದೆಯಾ ನೋಡಿ.

ಹಲಗೆಯಿಂದ ಇನ್ನೊಂದು ಲಾಭ ಇದೆ. ಹಿಕ್ಕೆ ಕಣ್ಣಿಗೆ ಕಾಣುತ್ತದೆ. ಹಸಿರು, ನೀರಾಗಿ, ರಕ್ತದ ಎಳೆ, ಏನೇ ಬದಲಾದರೂ ಅವತ್ತೇ ಗೊತ್ತಾಗುತ್ತದೆ.

ಪ್ರಶ್ನೆ: ವಾಸನೆಗೆ ಸುಣ್ಣ ಹಾಕ್ತೀನಿ. ಹಾಕಿದ ದಿನ ಘಾಟು ಇನ್ನೂ ಜಾಸ್ತಿ ಆಗುತ್ತೆ. ಹಾಕಿದ್ದು ಕಡಿಮೆ ಆಯ್ತೇನೋ, ಇನ್ನಷ್ಟು ಹಾಕಲಾ?

ನಿಲ್ಲಿಸಿ! ನಿಮ್ಮ ಮೂಗು ಸರಿಯಾಗೇ ಹೇಳ್ತಿದೆ.

ಸುಣ್ಣ ಕ್ಷಾರ. ಒದ್ದೆ ಹಾಸಿನಲ್ಲಿ ಅಮೋನಿಯಾದ ಒಂದು ಪಾಲು ಕರಗಿಕೊಂಡು, ಗಾಳಿಗೆ ಬಾರದ ರೂಪದಲ್ಲಿ ಕೂತಿರುತ್ತದೆ. ಕ್ಷಾರ ಸೇರಿದ ಕೂಡಲೇ ಅದು ಅನಿಲವಾಗಿ ಎದ್ದು ಬರುತ್ತದೆ. ನಂಬಿಕೆ ಬರದಿದ್ದರೆ ಹೊರಗೆ ಬಯಲಲ್ಲಿ ಹಳೇ ಡಬ್ಬದಲ್ಲಿ ಒಂದು ಹಿಡಿ ಒದ್ದೆ ಹಾಸಿಗೆ ಚಿಟಿಕೆ ಸುಣ್ಣ ಕಲಸಿ, ದೂರದಿಂದ ಕೈಬೀಸಿ ಮೂಸಿ ನೋಡಿ. ನೀರು ಹಾಕದ ಸುಟ್ಟ ಸುಣ್ಣ ಆದರೆ ಕೋಳಿಯ ಪಾದ, ಕಣ್ಣು ಎರಡೂ ಸುಡುತ್ತದೆ. ಸುಣ್ಣಕ್ಕೆ ಸರಿಯಾದ ಜಾಗ ಗೋಡೆ. ಗೂಡು ಖಾಲಿ ಇದ್ದಾಗ ಬಳಿದು ಒಣಗಿಸಿ, ಬಹಳ ಒಳ್ಳೆಯದು. ಬೂದಿಯೂ ಕ್ಷಾರವೇ, ಅದನ್ನು ಹಾಸಿಗೆ ಸುರಿಯುವ ಬದಲು ಕೋಳಿ ಹೊರಳಾಡುವ ಧೂಳಿನ ಗುಂಡಿಗೆ ಸ್ವಲ್ಪ ಹಾಕಿ.

ಫಿನೈಲ್ ಸಿಂಪಡಿಸುತ್ತೇನೆ ಅಂತ ಇನ್ನೊಬ್ಬರು ಬರೆದಿದ್ದಾರೆ. ಹಿಕ್ಕೆ ತುಂಬಿದ ಹಾಸಿನ ಮೇಲೆ ಸೋಂಕುನಾಶಕ ಸರಿಯಾಗಿ ಕೆಲಸ ಮಾಡುವುದಿಲ್ಲ, ಕೊಳೆಯೇ ಅದರ ಶಕ್ತಿ ನುಂಗುತ್ತದೆ. ಮೊದಲು ಕೆರೆದು, ಸೋಪಿನ ನೀರಲ್ಲಿ ಉಜ್ಜಿ, ತೊಳೆದು, ಆಮೇಲೆ ಔಷಧಿ. ಮತ್ತೆ ಇದನ್ನು ಮನೆಯವರಿಗೆಲ್ಲ ಹೇಳಿಡಿ: ಅಮೋನಿಯಾ ವಾಸನೆ ಇರುವ ಗೂಡಿಗೆ ಬ್ಲೀಚಿಂಗ್ ಪೌಡರ್, ಬ್ಲೀಚ್ ದ್ರಾವಣ ಹಾಕಲೇಬಾರದು. ಎರಡೂ ಸೇರಿದರೆ ಕ್ಲೋರಮೀನ್ ಅನ್ನುವ ವಿಷ ಅನಿಲ ಏಳುತ್ತದೆ. ಮುಚ್ಚಿದ ಗೂಡಿನಲ್ಲಿ ಬಗ್ಗಿ ಕೆಲಸ ಮಾಡುವವರಿಗೆ ಅದು ನಿಜವಾದ ಅಪಾಯ.

ಪ್ರಶ್ನೆ: ಮರಿಗಳಿಗೆ ನ್ಯೂಸ್‌ಪೇಪರ್ ಹಾಸಿದ್ದೆ. 20ರಲ್ಲಿ ಮೂರಕ್ಕೆ ಕಾಲು ಎರಡು ಕಡೆಗೆ ಹರಡಿಕೊಂಡು ಏಳೋಕೇ ಆಗ್ತಿಲ್ಲ.

ಕಾಗದ ಜಾರುತ್ತದೆ, ಮೊದಲ ದಿನಗಳಲ್ಲಿ ಮರಿಯ ಕೀಲು ಇನ್ನೂ ಗಟ್ಟಿಯಾಗಿರುವುದಿಲ್ಲ. ಜಾರಿ ಜಾರಿ ಕಾಲು ಹಾಗೇ ನಿಂತುಬಿಡುತ್ತದೆ. ತಡ ಮಾಡಬೇಡಿ, ಈಗಲೇ ಎರಡೂ ಕಾಲನ್ನು ಸಹಜ ಅಗಲಕ್ಕೆ ತಂದು ಮೆತ್ತನೆಯ ಅಂಟುಪಟ್ಟಿಯಲ್ಲಿ ನಡುವೆ ಸ್ವಲ್ಪ ಬಿಟ್ಟು ಸಡಿಲವಾಗಿ ಕಟ್ಟಿ, ಒರಟು ಬಟ್ಟೆಯ ಮೇಲೆ ಬಿಡಿ. ಮರಿ ಇನ್ನೂ ಎಳೆಯದಾಗಿದ್ದರೆ ಕೆಲವೇ ದಿನಕ್ಕೆ ಸರಿ ಹೋಗುವುದುಂಟು.

ಮುಂದಿನ ಸಲ ಮೊದಲ ಮೂರು ನಾಲ್ಕು ದಿನ ಒರಟು ಬಟ್ಟೆಯೋ ಗೀರು ಇರುವ ದಪ್ಪ ಕಾಗದವೋ ಹಾಸಿ, ಮೇವು ಯಾವುದು ಅಂತ ಗೊತ್ತಾದ ಮೇಲೆ ಎರಡು ಇಂಚು ಮರದ ಸಿಪ್ಪೆಗೆ ಬದಲಿಸಿ. ಗರಗಸದ ಪುಡಿ ಬೇಡ, ಮೇವು ಅಂತ ತಿಂದು ಹೊಟ್ಟೆ ಕಟ್ಟಿಕೊಳ್ಳುತ್ತವೆ. ಶಾಖದ ಬಲ್ಬನ್ನು ಗಟ್ಟಿಯಾಗಿ ಎರಡು ಕಡೆ ಕಟ್ಟಿ, ಒಣ ಹಾಸಿನ ಮೇಲೆ ಬಿದ್ದರೆ ಬೆಂಕಿಯೇ.

ಮೂರರಿಂದ ಆರು ವಾರದ ಮರಿಗಳಿಗೆ ಬರುವ ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್, ಹಾಸಿನ ತೇವಕ್ಕೆ ನೇರ ಸಂಬಂಧ. ಹಿಕ್ಕೆಯಲ್ಲಿ ಹೊರಬಿದ್ದ ಅದರ ಮೊಟ್ಟೆಯಂಥ ಕಣ ಕೂಡಲೇ ರೋಗ ತರುವುದಿಲ್ಲ. ಬೆಚ್ಚಗೆ, ಒದ್ದೆಯಾಗಿ ಒಂದೆರಡು ದಿನ ಬಿದ್ದಿದ್ದರೆ ಆಗ ಹದಕ್ಕೆ ಬರುತ್ತದೆ. ಸಾಮಾನ್ಯ ಸೋಂಕುನಾಶಕಕ್ಕೆ ಬಗ್ಗುವುದೂ ಇಲ್ಲ. ನಮ್ಮ ಕೈಯಲ್ಲಿರುವುದು ಆ ಒಂದೆರಡು ದಿನ ಮಾತ್ರ. ಅದಕ್ಕೇ ಮರಿಗಳ ನೀರಿನ ತಟ್ಟೆಯ ಸುತ್ತಲಿನ ಒದ್ದೆಯನ್ನು ದಿನಾ ಎತ್ತಿ ಅನ್ನೋದು. ಹಿಕ್ಕೆಯಲ್ಲಿ ರಕ್ತ ಕಂಡರೆ ಹಾಸು ಬದಲಿಸಿ ಸುಮ್ಮನಾಗಬೇಡಿ, ಅವತ್ತೇ ಪಶುವೈದ್ಯರ ಹತ್ತಿರ ಹೋಗಿ.

ಪ್ರಶ್ನೆ: ಆಗಾಗ ಒಂದು ಹಿಕ್ಕೆ ಕಂದು ಬಣ್ಣಕ್ಕೆ, ಜಿಗುಟಾಗಿ, ವಿಪರೀತ ನಾರುತ್ತೆ. ಭೇದಿನಾ?

ಅಲ್ಲ. ಕೋಳಿಯ ಕರುಳಿನ ಪಕ್ಕದಲ್ಲಿ ಎರಡು ಚೀಲ ಇರುತ್ತವೆ, ಅವು ಆಗಾಗ ಖಾಲಿಯಾದಾಗ ಹೀಗೆ ಬರುತ್ತದೆ. ಹತ್ತರಲ್ಲಿ ಒಂದು ಹೀಗಿದ್ದರೆ ಕೋಳಿ ಚೆನ್ನಾಗಿದೆ ಅಂತಲೇ ಅರ್ಥ. ಎಲ್ಲವೂ ಹಾಗೇ ಇದ್ದರೆ ಕೇಳಿ.

ಪ್ರಶ್ನೆ: ಮೊಟ್ಟೆಗೆಲ್ಲ ಹಿಕ್ಕೆ ಮೆತ್ತಿರುತ್ತೆ. ಮೊಟ್ಟೆ ಪೆಟ್ಟಿಗೆಯ ಹುಲ್ಲು ದಿನಾ ಬದಲಿಸಿದರೂ ಅಷ್ಟೇ.

ಹುಲ್ಲಿನ ತಪ್ಪಲ್ಲ, ಪೆಟ್ಟಿಗೆಯಲ್ಲಿ ಯಾವುದೋ ಕೋಳಿ ಮಲಗುತ್ತಿದೆ. ಕೋಳಿಗೆ ಇದ್ದುದರಲ್ಲಿ ಎತ್ತರದ ಜಾಗವೇ ಬೇಕು. ನಿಮ್ಮ ಪೆಟ್ಟಿಗೆ ಕೂರುವ ಕೋಲಿಗಿಂತ ಮೇಲಿದೆ ಅಥವಾ ಅದರ ಮಟ್ಟಕ್ಕೇ ಇದೆ, ಅಲ್ವಾ? ಕೋಲನ್ನು ಒಂದು ಅಡಿ ಮೇಲೆ ಮಾಡಿ, ಇಲ್ಲ ಪೆಟ್ಟಿಗೆ ಕೆಳಗೆ ಇಳಿಸಿ. ಒಂದು ವಾರ ಸಂಜೆ ಪೆಟ್ಟಿಗೆಯ ಬಾಯಿಗೆ ಹಲಗೆ ಅಡ್ಡ ಇಟ್ಟು, ಕತ್ತಲಾದ ಮೇಲೆ ತೆಗೆಯಿರಿ. ಅಭ್ಯಾಸ ಬಿಡುತ್ತವೆ. ಆಮೇಲೆ ಹುಲ್ಲೋ ಸಿಪ್ಪೆಯೋ, ಯಾವುದಾದರೂ ನಡೆಯುತ್ತದೆ.

ಪ್ರಶ್ನೆ: ಗೂಡಿಂದ ತೆಗೆದ ಹಾಸನ್ನು ಹಾಗೇ ಗಿಡದ ಬುಡಕ್ಕೆ ಹಾಕಿದೆ. ಮೆಣಸಿನ ಗಿಡ ಎಲ್ಲ ಸುಟ್ಟುಹೋದವು. ಕೋಳಿ ಗೊಬ್ಬರ ಒಳ್ಳೆಯದು ಅಂತೀರಲ್ಲ?

ಒಳ್ಳೆಯದೇ, ಆದರೆ ಹಸಿಯದ್ದು ಬೇಡ. ಕೋಳಿ ಹಿಕ್ಕೆಯಲ್ಲಿ ಸಾರಜನಕ ಅಷ್ಟು ಜೋರು, ಎಳೆ ಬೇರು ತಡೆಯುವುದಿಲ್ಲ. ರಾಶಿ ಹಾಕಿ, ಹಿಂಡಿದ ಬಟ್ಟೆಯಷ್ಟು ತೇವ ಇಟ್ಟು, ವಾರಕ್ಕೊಮ್ಮೆ ತಿರುವಿ. ಗೂಡಿನಲ್ಲಿ ಬೇಡ ಬೇಡ ಅಂದ ತೇವವೇ ಇಲ್ಲಿ ಬೇಕು. ಒಳಗೆ 55 ಡಿಗ್ರಿ ದಾಟಿ ಬಿಸಿ ಏರಬೇಕು, ಕೈ ಒಳಗಿಟ್ಟರೆ ಇಟ್ಟುಕೊಳ್ಳೋಕಾಗಬಾರದು. ಬಿಸಿ ಇಳಿದು, ಮಣ್ಣಿನ ವಾಸನೆ ಬಂದ ಮೇಲೆ ಇನ್ನೂ ಒಂದೆರಡು ತಿಂಗಳು ಬಿಡಿ. ಮರದ ಸಿಪ್ಪೆ ಜಾಸ್ತಿ ಇದ್ದರೆ ಇನ್ನೂ ನಿಧಾನ, ಮರದಲ್ಲಿ ಇಂಗಾಲ ಹೆಚ್ಚು. ಹುಲ್ಲು, ಎಲೆ ಬೇಗ ಕರಗುತ್ತವೆ. ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗಂತೂ ಪೂರ್ತಿ ಕಳಿತದ್ದನ್ನೇ ಹಾಕಿ, ಹಸಿ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಅನ್ನುವ ಹೊಟ್ಟೆ ಕೆಡಿಸುವ ರೋಗಾಣು ಇರಬಹುದು.

ಹಾಸು ತೆಗೆದ ಮೇಲೆ ಎರಡು ದಿನ ಕೆಮ್ಮು ಬರುತ್ತೆ ಅಂತ ಇವರೇ ಕೊನೆಗೆ ಬರೆದಿದ್ದಾರೆ. ಮಾಸ್ಕ್ ಹಾಕಿ, ಬಾಗಿಲು ಕಿಂಡಿ ಎಲ್ಲ ತೆಗೆಯಿರಿ, ಧೂಳೇಳದಷ್ಟು ನೀರು ಚಿಮುಕಿಸಿ ಆಮೇಲೆ ಸಲಿಕೆ ಹಾಕಿ. ಆಸ್ತಮಾ ಇರುವವರು ಆ ಕೆಲಸ ಬೇರೆಯವರಿಗೆ ಬಿಡಿ.

ಪ್ರಶ್ನೆ: ಹಾಸು ಎಲ್ಲ ಬದಲಿಸಿದ್ದೇನೆ, ವಾಸನೆ ಇಲ್ಲ, ಒಣಗಿದೆ. ಆದರೂ ಸಂಜೆಯಾದರೆ ಕೋಳಿಗಳು ಗೂಡಿಗೆ ಹೋಗಲ್ಲ, ಹೊರಗೇ ಕೂರುತ್ತವೆ. ಜುಟ್ಟು ಬಿಳಿಚಿದೆ.

ಹಾಸಿನ ಕಡೆ ನೋಡೋದು ಬಿಟ್ಟು ಕೋಲಿನ ಕಡೆ ನೋಡಿ. ಇದು ಕೆಂಪು ನುಸಿಯ ಲಕ್ಷಣ. ಹಗಲು ಕೋಳಿಯ ಮೈಮೇಲೆ ಒಂದೂ ಸಿಗುವುದಿಲ್ಲ, ಕೋಲಿನ ತುದಿ ಗೋಡೆಗೆ ಸೇರುವ ಸಂದಿ, ಹಲಗೆಯ ಬಿರುಕಿನಲ್ಲಿ ಅಡಗಿ ಕೂತಿರುತ್ತವೆ. ಕತ್ತಲಾದ ಮೇಲೆ ಹೊರಬಂದು ರಕ್ತ ಹೀರಿ ಬೆಳಗಾಗುವ ಮುಂಚೆ ವಾಪಸ್. ರಕ್ತ ಸಿಗದಿದ್ದರೂ ತಿಂಗಳುಗಟ್ಟಲೆ ಬದುಕುತ್ತವೆ, ಹಾಗಾಗಿ ಗೂಡು ಒಂದು ವಾರ ಖಾಲಿ ಬಿಟ್ಟರೆ ಪ್ರಯೋಜನ ಇಲ್ಲ.

ರಾತ್ರಿ ಒಂಬತ್ತರ ಮೇಲೆ ಟಾರ್ಚು, ಒಂದು ಬಿಳಿ ಬಟ್ಟೆ ತಗೊಂಡು ಹೋಗಿ ಕೋಲಿನ ಅಡಿಭಾಗವನ್ನು ತುದಿಯವರೆಗೆ ಒತ್ತಿ ಒರೆಸಿ. ಬಟ್ಟೆಗೆ ಕೆಂಪು ಗೀರು ಹತ್ತಿದರೆ ಅವೇ. ಬೆಳಿಗ್ಗೆ ಕೋಲು ಬಿಚ್ಚಿ ಹೊರಗೆ ತನ್ನಿ, ಸಂದಿಗಳಿಗೆಲ್ಲ ಕುದಿಯುವ ನೀರು ಸುರಿದು ಬಿಸಿಲಿಗೆ ಹಾಕಿ. ಗೂಡಿನ ಬಿರುಕುಗಳಿಗೆ ಏನು ಹೊಡೆಯಬೇಕು ಅಂತ ಪಶುವೈದ್ಯರನ್ನು ಕೇಳಿ, ಒಂದು ವಾರ ಬಿಟ್ಟು ಮತ್ತೆ ಹೊಡೆಯಿರಿ, ಯಾಕಂದರೆ ಮೊದಲ ಸಲ ಉಳಿದ ಮೊಟ್ಟೆಗಳು ಅಷ್ಟರಲ್ಲಿ ಒಡೆದಿರುತ್ತವೆ. ಮೊಟ್ಟೆ ಪೆಟ್ಟಿಗೆಯ ಹುಲ್ಲನ್ನು ಮಾತ್ರ ಸುಟ್ಟುಬಿಡಿ.